ಒಂದೇ ಬಾಟಲಿಯಲ್ಲಿ ಪಾಲಿಶ್, ವ್ಯಾಕ್ಸ್ ಎರಡೂ: ಮನೆಯ ಕಾರಿಗೆ ಯಾವುದನ್ನು ಆರಿಸಬೇಕು? (ಪದೇ ಪದೇ ಕೇಳುವ ಪ್ರಶ್ನೆಗಳು)

ದಸರೆಗೆ ಇನ್ನೆರಡು ವಾರ ಇದೆ ಅನ್ನುವಾಗ ನೆಂಟರಿಂದ, ಅಪಾರ್ಟ್‌ಮೆಂಟಿನವರಿಂದ ನನಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ: "ಕಾರಿಗೆ ಯಾವ ಪಾಲಿಶ್ ತಗೊಳ್ಳಲಿ?" ಮಳೆಗಾಲದ ಕೆಸರು ತೊಳೆದು ನೋಡಿದರೆ ಬಾನೆಟ್ ಮಂಕಾಗಿರುತ್ತದೆ, ಅಂಗಡಿಗೆ ಹೋದರೆ ಶೆಲ್ಫ್ ತುಂಬಾ ಬಾಟಲಿಗಳು. ದಿನಾ ಓಡುವ ಮನೆಯ ಕಾರಿಗೆ ಪಾಲಿಶ್ ಮತ್ತು ವ್ಯಾಕ್ಸ್ ಒಟ್ಟಿಗೆ ಇರುವ ಆಲ್-ಇನ್-ಒನ್ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಬಾಟಲಿ ಕೊಳ್ಳುವ ಮೊದಲು ಕಾರಿನ ಬಣ್ಣವನ್ನು ಹತ್ತು ನಿಮಿಷ ಕೂತು ನೋಡಬೇಕು. ಎಷ್ಟೋ ಜನ ಆ ಹತ್ತು ನಿಮಿಷ ಕೊಡದೆ, ತಿಂಗಳುಗಟ್ಟಲೆ ಕಣ್ಣಿಗೆ ಚುಚ್ಚುವ ಗುರುತುಗಳನ್ನು ಮಾಡಿಕೊಂಡಿದ್ದನ್ನು ನೋಡಿದ್ದೇನೆ. ಹಾಗಾಗಿ ನನ್ನ ಬಳಿ ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಪಾಲಿಶ್, ವ್ಯಾಕ್ಸ್, ರಬ್ಬಿಂಗ್ ಎಲ್ಲಾ ಒಂದೇ ಅಲ್ವಾ?

ಅಲ್ಲ. ಗ್ಯಾರೇಜುಗಳಲ್ಲಿ ಮೂರನ್ನೂ ಸೇರಿಸಿ "ರಬ್ಬಿಂಗ್ ಪಾಲಿಶ್" ಅನ್ನುವುದರಿಂದ ಗೊಂದಲ ಆಗುತ್ತದೆ.

ಈಗಿನ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಪದರ, ಎಲ್ಲಕ್ಕಿಂತ ಮೇಲೆ ಗಾಜಿನಂಥ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ನಾವು ಮುಟ್ಟುವುದು, ಒರೆಸುವುದು, ಉಜ್ಜುವುದು ಎಲ್ಲವೂ ಈ ಕ್ಲಿಯರ್ ಕೋಟನ್ನೇ. ಸಾಮಾನ್ಯವಾಗಿ ಅದರ ದಪ್ಪ 35ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ರಬ್ಬಿಂಗ್ ಕಾಂಪೌಂಡ್ ಒರಟು ಪುಡಿಯಿಂದ ಈ ಪದರವನ್ನು ಗೀರಿನ ಆಳದವರೆಗೆ ಸವೆಸುತ್ತದೆ. ಪಾಲಿಶ್ ಅದಕ್ಕಿಂತ ನುಣುಪಾದ ಪುಡಿಯಿಂದ ಸವೆಸಿ ಹೊಳಪು ತರುತ್ತದೆ. ವ್ಯಾಕ್ಸ್ ಏನನ್ನೂ ಸವೆಸುವುದಿಲ್ಲ, ಮೇಲೆ ತೆಳುವಾಗಿ ಕೂತು ನೀರು, ಬಿಸಿಲು, ಕೊಳೆ ನೇರವಾಗಿ ತಾಗದಂತೆ ತಡೆಯುತ್ತದೆ, ಅಷ್ಟೆ.

ಸವೆದ ಕ್ಲಿಯರ್ ಕೋಟ್ ಮತ್ತೆ ಬೆಳೆಯುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕ ಇರುವುದೂ ಅದೇ ಪದರದಲ್ಲಿ. ಈ ಪುಟದಲ್ಲಿ ಮುಂದೆ ಹೇಳುವುದೆಲ್ಲ ಈ ಒಂದು ವಿಷಯದಿಂದಲೇ ಹುಟ್ಟುತ್ತದೆ.

ಹಾಗಾದರೆ ಆಲ್-ಇನ್-ಒನ್ ಬಾಟಲಿಯೊಳಗೆ ಏನಿರುತ್ತದೆ?

ಬಹಳ ನುಣುಪಾದ ಉಜ್ಜುವ ಪುಡಿ ಇರುತ್ತದೆ, ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡ್. ಡಿಟೇಲಿಂಗ್, ಅಂದರೆ ಕಾರನ್ನು ತೊಳೆದು ತಿಕ್ಕಿ ಹೊಳಪು ಕೊಡುವ ಕೆಲಸ ಮಾಡುವವರು ಇದನ್ನು ಅಬ್ರೇಸಿವ್ ಅನ್ನುತ್ತಾರೆ. ಜೊತೆಗೆ ಹಳೆ ವ್ಯಾಕ್ಸು, ಟಾರು, ಜಿಡ್ಡನ್ನು ಕರಗಿಸುವ ದ್ರಾವಕ. ಸಣ್ಣ ಗೀರುಗಳ ಒಳಗೆ ತುಂಬಿಕೊಂಡು ಅವು ಕಾಣದಂತೆ ಮಾಡುವ ಎಣ್ಣೆ, ಇದಕ್ಕೆ ಫಿಲ್ಲರ್ ಎಂದು ಹೆಸರು. ಕೊನೆಯಲ್ಲಿ ಮೇಲೆ ಉಳಿದು ಕಾಯುವ ವ್ಯಾಕ್ಸ್ ಅಥವಾ ಪಾಲಿಮರ್ (ಕೃತಕವಾಗಿ ತಯಾರಿಸಿದ ರಕ್ಷಣೆಯ ವಸ್ತು, ಸೀಲೆಂಟ್ ಎಂದೂ ಕರೆಯುತ್ತಾರೆ). ಯಾವ ಕಂಪನಿಯದಾದರೂ ಮೂಲ ಅಡುಗೆ ಇದೇ, ಪ್ರಮಾಣ ಮಾತ್ರ ಬೇರೆ. ಒಂದರಲ್ಲಿ ಉಜ್ಜುವ ಶಕ್ತಿ ಹೆಚ್ಚು, ಇನ್ನೊಂದರಲ್ಲಿ ಮುಚ್ಚುವ ಎಣ್ಣೆ ಹೆಚ್ಚು, ಮತ್ತೊಂದರಲ್ಲಿ ಬಾಳಿಕೆ ಹೆಚ್ಚು. ನಿಮ್ಮ ಕಾರಿಗೆ ಇವುಗಳಲ್ಲಿ ಯಾವುದರ ಕೊರತೆ ಇದೆ ಎಂದು ತಿಳಿದುಕೊಂಡರೆ ಆಯ್ಕೆ ಅರ್ಧ ಮುಗಿದಂತೆ.

ನನ್ನ ಕಾರಿಗೆ ಇದು ಸಾಕೋ, ಇಲ್ಲ ಕಾಂಪೌಂಡ್, ಪಾಲಿಶ್, ವ್ಯಾಕ್ಸ್ ಅಂತ ಮೂರು ಹಂತವೂ ಬೇಕೋ?

ಕಾರನ್ನು ಚೆನ್ನಾಗಿ ತೊಳೆದು ಒಣಗಿಸಿ. ಬೆಳಗಿನ ಓರೆ ಬಿಸಿಲಿನಲ್ಲಿ, ಇಲ್ಲವೇ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಬಾನೆಟ್ ನೋಡಿ. ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೀರು ಕಂಡರೆ ಅವು ಸ್ವರ್ಲ್ ಗುರುತು. ಒಣ ಬಟ್ಟೆಯಲ್ಲಿ ಧೂಳು ಒರೆಸಿದ್ದರಿಂದ ಬಂದವು. ತೆಳುವಾಗಿದ್ದರೆ ಆಲ್-ಇನ್-ಒನ್ ಅವುಗಳಲ್ಲಿ ಸುಮಾರು ಭಾಗವನ್ನು ನಿಜವಾಗಿ ತೆಗೆಯುತ್ತದೆ, ಉಳಿದದ್ದನ್ನು ಮುಚ್ಚುತ್ತದೆ.

ಇನ್ನು ಒಂಟಿ ಗೀರು ಕಂಡರೆ ಅದರ ಮೇಲೆ ಉಗುರನ್ನು ಅಡ್ಡವಾಗಿ, ಹಗುರವಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಗೀರು ಯಾವ ಆಲ್-ಇನ್-ಒನ್‌ಗೂ ಬಗ್ಗುವುದಿಲ್ಲ. ಒಳಗೆ ಬಿಳಿ ಪ್ರೈಮರ್ ಅಥವಾ ತಗಡು ಕಾಣಿಸಿದರಂತೂ ಟಚ್-ಅಪ್ ಪೇಂಟ್ ಹಾಕಲೇಬೇಕು, ತಡ ಮಾಡಿದರೆ ತುಕ್ಕು ಹಿಡಿಯುತ್ತದೆ. ರೂಫ್ ಅಥವಾ ಬಾನೆಟ್ ಮೇಲೆ ಬಿಳಿ ಪೊರೆ ಸುಲಿದ ಹಾಗೆ ತೇಪೆ ತೇಪೆಯಾಗಿ ಕಂಡರೆ ಕ್ಲಿಯರ್ ಕೋಟೇ ಹೋಗಿದೆ ಎಂದು ಅರ್ಥ. ಅಲ್ಲಿ ಪಾಲಿಶ್ ಹಾಕಿದರೆ ಅಂಚು ಇನ್ನಷ್ಟು ಸುಲಿಯುತ್ತದೆ. ಅದಕ್ಕೆ ಹೊಸ ಪೇಂಟೇ ದಾರಿ.

ಮಾರುವ ಕಾರಿಗೆ, ದಿನಾ ಆಫೀಸಿಗೆ ಓಡುವ ಕಾರಿಗೆ, ರಸ್ತೆ ಬದಿ ನಿಲ್ಲುವ ಕಾರಿಗೆ ಮೂರು ಹಂತದ ಕೆಲಸ ಬೇಕಿಲ್ಲ ಅನ್ನುತ್ತೇನೆ. ಅಷ್ಟು ಸವೆಸಿ ಕನ್ನಡಿ ಮಾಡಿದ ಮೇಲೂ ಮಾರನೇ ವಾರ ಅದೇ ಧೂಳು, ಅದೇ ಬಟ್ಟೆ.

ಅಂಗಡಿಯಲ್ಲಿ ನಿಂತು ಲೇಬಲ್ ಓದುವಾಗ ಏನನ್ನು ನೋಡಲಿ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲು, ಅದು ನಿಜಕ್ಕೂ ಆಲ್-ಇನ್-ಒನ್ ಹೌದೇ ನೋಡಿ. ಹೆಸರುಗಳು ಬಹಳ ದಾರಿ ತಪ್ಪಿಸುತ್ತವೆ. ಮೆಗ್ವಾಯರ್ಸ್ ಕಂಪನಿಯ ಅಲ್ಟಿಮೇಟ್ ಪಾಲಿಶ್ ವ್ಯಾಕ್ಸಿಗೆ ಮೊದಲು ಹಚ್ಚುವ ಪಾಲಿಶ್, ಅದರ ಮೇಲೆ ವ್ಯಾಕ್ಸ್ ಬೇರೆಯಾಗಿ ಹಾಕಬೇಕು. ಅದೇ ಕಂಪನಿಯ ಕ್ಲೀನರ್ ವ್ಯಾಕ್ಸ್ ಮಾತ್ರ ಎರಡೂ ಕೆಲಸ ಒಟ್ಟಿಗೆ ಮಾಡುವಂಥದ್ದು. "ಕ್ಲೀನರ್ ವ್ಯಾಕ್ಸ್", "ಪಾಲಿಶ್ ಎಂಡ್ ವ್ಯಾಕ್ಸ್", "ಒನ್ ಸ್ಟೆಪ್", "3 ಇನ್ 1" ಎಂಬ ಮಾತುಗಳಿದ್ದರೆ ಸಾಮಾನ್ಯವಾಗಿ ನಮಗೆ ಬೇಕಾದ ಜಾತಿಯೇ. ಆದರೂ ಬಾಟಲಿ ತಿರುಗಿಸಿ ಹಿಂದೆ ಓದಿ. ಗೀರು ಅಥವಾ ಮಂಕು ತೆಗೆಯುತ್ತದೆ ಎಂದೂ ಬರೆದಿರಬೇಕು, ರಕ್ಷಣೆ ಕೊಡುತ್ತದೆ ಎಂದೂ ಬರೆದಿರಬೇಕು. ಒಂದೇ ಇದ್ದರೆ ಅದು ಬರೀ ಪಾಲಿಶ್ ಅಥವಾ ಬರೀ ವ್ಯಾಕ್ಸ್.

ಎರಡನೆಯದು, ಉಜ್ಜುವ ಶಕ್ತಿ ಎಷ್ಟು ಅನ್ನುವುದು. ಕೆಲವರು ಇದನ್ನು ಸ್ಪಷ್ಟವಾಗಿಯೇ ಹೇಳುತ್ತಾರೆ. ಜರ್ಮನಿಯ ಸೋನಾಕ್ಸ್ ತನ್ನ ಎಕ್ಸ್‌ಟ್ರೀಮ್ ಪಾಲಿಶ್ ಎಂಡ್ ವ್ಯಾಕ್ಸ್ ಬಾಟಲಿಗಳಿಗೆ ಸಂಖ್ಯೆ ಕೊಟ್ಟಿದೆ: 2 ಎಂದರೆ ಹೊಸದರಂತಿರುವ ಬಣ್ಣಕ್ಕೆ, 3 ಎಂದರೆ ಬಿಸಿಲು ಮಳೆಗೆ ಮಂಕಾದ ಬಣ್ಣಕ್ಕೆ. ಸಂಖ್ಯೆ ಇಲ್ಲದ ಕಡೆ, ಯಾವ ಬಣ್ಣಕ್ಕೆ ಎಂದು ಬರೆದಿದ್ದಾರೆ ಎಂಬುದನ್ನು ನೋಡಿ. ಎರಡು ವರ್ಷದೊಳಗಿನ ಕಾರಿಗೆ ಮೃದುವಾದದ್ದೇ ಸಾಕು. ಐದಾರು ವರ್ಷ ಬಯಲಲ್ಲಿ ನಿಂತ ಕಾರಿಗೆ ಸ್ವಲ್ಪ ಗಟ್ಟಿಯಾದದ್ದು ಬೇಕು. ಅನುಮಾನ ಬಂದರೆ ಮೃದುವನ್ನೇ ಕೊಳ್ಳಿ. ಸಾಲದಿದ್ದರೆ ಎರಡನೇ ಸಲ ಹಚ್ಚಬಹುದು, ಹೆಚ್ಚು ಸವೆಸಿದ್ದನ್ನು ಹಿಂದಕ್ಕೆ ತರಲಾಗದು.

ಮೂರನೆಯದು, ಕ್ಲಿಯರ್ ಕೋಟಿಗೆ ಸುರಕ್ಷಿತ ಎಂಬ ಮಾತು ಇದೆಯೇ ನೋಡಿ. ಹಳೆಕಾಲದ ಒರಟು ಕಾಂಪೌಂಡ್‌ಗಳು ಇನ್ನೂ ಡಬ್ಬಿಗಳಲ್ಲಿ ಸಿಗುತ್ತವೆ, ಬೆಲೆಯೂ ಕಡಿಮೆ. ಟಿಂಕರಿಂಗ್ ಶೆಡ್ಡಿನಲ್ಲಿ ಮರಳು ಕಾಗದ ಉಜ್ಜಿದ ಮೇಲೆ ಹಚ್ಚಲು ಅವು ಬೇಕು. ಮನೆಯಲ್ಲಿ ಬೇಡ.

ಕೊನೆಯದಾಗಿ, ನೀವು ಕೈಯಲ್ಲಿ ಹಚ್ಚುವವರೋ ಮೆಷಿನ್‌ನಲ್ಲೋ ಎಂಬುದು. ಕೆಲವು ಆಲ್-ಇನ್-ಒನ್‌ಗಳು ಮೆಷಿನ್ನಿನ ವೇಗ ಸಿಕ್ಕಿದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ, ಕೈಯಲ್ಲಿ ಉಜ್ಜಿದರೆ ತೋಳು ನೋಯುತ್ತದೆಯೇ ಹೊರತು ಹೊಳಪು ಬರುವುದಿಲ್ಲ.

ಹೆಸರು ಹೇಳಿಬಿಡಿ ಸರ್, ಯಾವುದು ಒಳ್ಳೆಯದು?

ಕೈಯಲ್ಲೇ ಮಾಡುವ, ಮೊದಲ ಸಲ ಮಾಡುವವರಿಗೆ ನಾನು ಮೆಗ್ವಾಯರ್ಸ್ ಕ್ಲೀನರ್ ವ್ಯಾಕ್ಸ್ ಹೇಳುತ್ತೇನೆ. ಮೃದುವಾದದ್ದು, ಹಚ್ಚಲು ತೆಗೆಯಲು ಸುಲಭ, ತಪ್ಪು ಮಾಡಿದರೂ ಕಾರನ್ನು ಕೆಡಿಸುವುದಿಲ್ಲ. (ಈ ಕಂಪನಿ ಶುರುವಾಗಿದ್ದು 1901ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ, ಮರದ ಪೀಠೋಪಕರಣಗಳ ಪಾಲಿಶ್ ಮಾಡುತ್ತಾ. 2008ರಲ್ಲಿ ಅದನ್ನು ತ್ರೀಎಮ್ ಕೊಂಡುಕೊಂಡಿತು.) ಬಣ್ಣ ಕಣ್ಣಿಗೆ ಕಾಣುವಷ್ಟು ಮಂಕಾಗಿದ್ದರೆ ಸೋನಾಕ್ಸಿನ 3. ಮೆಷಿನ್ ಇದ್ದರೆ ಟರ್ಟಲ್ ವ್ಯಾಕ್ಸಿನ ಹೈಬ್ರಿಡ್ ಸಲ್ಯೂಷನ್ಸ್ ಪಾಲಿಶ್ ಎಂಡ್ ವ್ಯಾಕ್ಸ್ ಕೂಡ ನೋಡಬಹುದು. ಬ್ರಿಟನ್ನಿನ ಆಟೋಗ್ಲಿಮ್ ಸೂಪರ್ ರೆಸಿನ್ ಪಾಲಿಶ್ ಸಣ್ಣ ಗೀರು ಮುಚ್ಚುವುದರಲ್ಲಿ ಬಹಳ ಹೆಸರು ಮಾಡಿದೆ. ಆದರೆ ಅದರಲ್ಲಿ ರಕ್ಷಣೆಯ ಪಾಲು ಕಡಿಮೆ, ಮೇಲೊಂದು ವ್ಯಾಕ್ಸ್ ಹಚ್ಚಿದರೆ ಒಳ್ಳೆಯದು.

ಸೀಲ್ ಇರುವ ಬಾಟಲಿಯನ್ನೇ, ಗೊತ್ತಿರುವ ಅಂಗಡಿಯಿಂದ ತನ್ನಿ. ಬಿಸಿಲು ಬೀಳುವ ಶೋಕೇಸಿನಲ್ಲಿ ವರ್ಷಗಟ್ಟಲೆ ಇದ್ದ ಬಾಟಲಿ ಒಡೆದ ಮೊಸರಿನ ಹಾಗಾಗಿರುತ್ತದೆ. ಎಷ್ಟು ಅಲ್ಲಾಡಿಸಿದರೂ ಕೂಡಿಕೊಳ್ಳದಿದ್ದರೆ ಹಚ್ಚಬೇಡಿ.

ಕಾರ್ನೌಬಾ ಇರುವುದೇ ಶ್ರೇಷ್ಠ ಅಂತಾರಲ್ಲ?

ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ತಾಳೆ ಜಾತಿಯ ಮರವೊಂದರ ಎಲೆಯಿಂದ ಬರುವ ಮೇಣ ಅದು. ಕರಗಲು 82ರಿಂದ 86 ಡಿಗ್ರಿ ಸೆಲ್ಸಿಯಸ್ ಬೇಕು, ಸಸ್ಯಜನ್ಯ ಮೇಣಗಳಲ್ಲಿ ಬಹಳ ಗಟ್ಟಿಯಾದದ್ದು. ಗಾಢ ಬಣ್ಣದ ಕಾರಿಗೆ ಅದು ಕೊಡುವ ತುಂಬಿದ, ಆಳವಾದ ಹೊಳಪು ನನಗೂ ಇಷ್ಟ. ಆದರೆ ಬಾಟಲಿಯಲ್ಲಿರುವುದು ಶುದ್ಧ ಕಾರ್ನೌಬಾ ಆಗಿರುವುದಿಲ್ಲ, ಎಣ್ಣೆ ಮತ್ತು ದ್ರಾವಕದೊಂದಿಗೆ ಬೆರೆಸಿ ಮೃದು ಮಾಡಿರುತ್ತಾರೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಯಲಲ್ಲಿ ನಿಂತ ಕಪ್ಪು ಕಾರಿನ ಬಾನೆಟ್ ಕೈ ಇಡಲಾಗದಷ್ಟು ಕಾದಿರುತ್ತದೆ, ಅಂಥಲ್ಲಿ ಈ ಪದರ ಕೆಲವೇ ವಾರಗಳಲ್ಲಿ ಹೋಗಿಬಿಡುತ್ತದೆ. ಪಾಲಿಮರ್ ಸೀಲೆಂಟ್ ಇರುವ ಆಲ್-ಇನ್-ಒನ್ ಎರಡು ಮೂರು ತಿಂಗಳಾದರೂ ಬಾಳುತ್ತದೆ. ನೆರಳಿರುವ ಪಾರ್ಕಿಂಗ್, ಗಾಢ ಬಣ್ಣ, ಆಗಾಗ ಹಚ್ಚುವ ಆಸೆ ಇದ್ದರೆ ಕಾರ್ನೌಬಾ. ಉಳಿದವರಿಗೆಲ್ಲ ಸೀಲೆಂಟ್.

ಹಚ್ಚಿದಾಗ ಗೀರೆಲ್ಲ ಮಾಯ ಆಯ್ತು, ಎರಡು ತಿಂಗಳಲ್ಲಿ ವಾಪಸ್ ಬಂತು. ಮೋಸವಾ?

ಮೋಸ ಅಲ್ಲ, ಫಿಲ್ಲರ್ ತೊಳೆದುಹೋಗಿದೆ. ಗೀರು ಅಲ್ಲೇ ಇತ್ತು, ಎಣ್ಣೆ ತುಂಬಿಕೊಂಡು ಬೆಳಕು ಚದುರದಂತೆ ಮಾಡಿತ್ತು. ಎಷ್ಟು ತೆಗೆಯಿತು, ಎಷ್ಟು ಮುಚ್ಚಿತು ಎಂದು ತಿಳಿಯಬೇಕಾದರೆ ಒಂದು ಪರೀಕ್ಷೆ ಇದೆ. ಬಾನೆಟ್ಟಿನ ಮೂಲೆಯಲ್ಲಿ ಒಂದಡಿ ಚೌಕ ಮಾತ್ರ ಹಚ್ಚಿ, ಒರೆಸಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲನ್ನು ನೀರಿಗೆ ನೂರಕ್ಕೆ 10–15ರಷ್ಟು ಬೆರೆಸಿ, ಮೈಕ್ರೋಫೈಬರ್ ಬಟ್ಟೆಗೆ ಚಿಮುಕಿಸಿ ಅರ್ಧ ಚೌಕ ಒರೆಸಿ. ಎಣ್ಣೆ ಹೋಗಿ ಬಣ್ಣದ ನಿಜಸ್ಥಿತಿ ಕಾಣುತ್ತದೆ. ಒರೆಸಿದ ಅರ್ಧಕ್ಕೂ ಒರೆಸದ ಅರ್ಧಕ್ಕೂ ಅಜಗಜಾಂತರ ಇದ್ದರೆ ಆ ಬಾಟಲಿಯಲ್ಲಿ ಮುಚ್ಚುವ ಕೆಲಸವೇ ಹೆಚ್ಚು.

ಮುಚ್ಚುವುದು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹತ್ತು ವರ್ಷದ ಕಾರಿನಲ್ಲಿ ಕ್ಲಿಯರ್ ಕೋಟ್ ಉಳಿಸಿಕೊಂಡು ಅಂದ ತರುವ ದಾರಿ ಅದೇ. ಹಿಂದೆ ಯಾರು ಎಷ್ಟು ಉಜ್ಜಿದ್ದಾರೋ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಕಾರಿಗೆ ನಾನು ಬೇಕೆಂದೇ ಫಿಲ್ಲರ್ ಹೆಚ್ಚಿರುವುದನ್ನು ಆರಿಸುತ್ತೇನೆ.

ಕೈಯಲ್ಲಿ ಹಚ್ಚಲೇ, ಮೆಷಿನ್ ಕೊಳ್ಳಲೇ?

ವರ್ಷಕ್ಕೆ ಎರಡು ಸಲ, ಒಂದು ಕಾರು ಅಂದರೆ ಕೈ ಸಾಕು. ಫೋಮ್ ಅಪ್ಲಿಕೇಟರ್ ಪ್ಯಾಡ್ ಎರಡು ಮೂರು, ಒಳ್ಳೆ ಮೈಕ್ರೋಫೈಬರ್ ಬಟ್ಟೆ ಆರೇಳು, ಒಂದು ಭಾನುವಾರದ ಬೆಳಿಗ್ಗೆ. ಬನಿಯನ್ ಬಟ್ಟೆ, ಹಳೆ ಪಂಚೆ ಬೇಡ. ಮೃದು ಅನ್ನಿಸಿದರೂ ಹೊಲಿಗೆಯ ಅಂಚು, ಸಿಕ್ಕಿಕೊಂಡ ಮರಳು ಗೀರು ಹಾಕುತ್ತದೆ.

ಮೆಷಿನ್ ಬೇಕೆಂದರೆ ಡ್ಯುಯಲ್ ಆ್ಯಕ್ಷನ್ ಪಾಲಿಶರ್ ಕೊಳ್ಳಿ, ಡಿಎ ಎಂದು ಕೇಳಿದರೆ ಕೊಡುತ್ತಾರೆ. ಅದರ ಪ್ಯಾಡ್ ತಿರುಗುತ್ತಲೇ ಆಚೀಚೆ ಓಲಾಡುವುದರಿಂದ ಒಂದೇ ಜಾಗದಲ್ಲಿ ಶಾಖ ಕೂಡುವುದು ಕಡಿಮೆ. ಗ್ಯಾರೇಜುಗಳಲ್ಲಿರುವ, ಗಿರಗಿರ ಒಂದೇ ಅಕ್ಷದಲ್ಲಿ ಸುತ್ತುವ ರೋಟರಿ ಬಫಿಂಗ್ ಮೆಷಿನ್ ಪಳಗಿದ ಕೈಗೆ ಮಾತ್ರ. ಅದನ್ನು ನಾನು ಕಲಿಯುವಾಗ ನನ್ನದೇ ಕಾರಿನ ಬಾಗಿಲಿನ ಏಣಿನ ಮೇಲೆ ಒಂದೆರಡು ಸೆಕೆಂಡ್ ಹೆಚ್ಚು ನಿಲ್ಲಿಸಿದೆ. ಕ್ಲಿಯರ್ ಕೋಟ್ ದಾಟಿ ಬಣ್ಣದವರೆಗೆ ಹೋಗಿಬಿಟ್ಟಿತು. ಏಣು, ಮಡಿಕೆ, ಅಂಚುಗಳಲ್ಲಿ ಪೇಂಟ್ ಬೇರೆಡೆಗಿಂತ ತೆಳುವಾಗಿರುತ್ತದೆ ಎಂಬುದನ್ನು ಅಂದು ಕಲಿತೆ, ಆ ಬಾಗಿಲಿಗೆ ಮತ್ತೆ ಪೇಂಟ್ ಮಾಡಿಸಬೇಕಾಯಿತು. ರೋಟರಿಯಿಂದ ಬರುವ ಇನ್ನೊಂದು ತೊಂದರೆ ಹೊಲೊಗ್ರಾಮ್: ನೆರಳಲ್ಲಿ ಫಳಫಳ, ಬಿಸಿಲಿಗೆ ತಂದರೆ ಉದ್ದುದ್ದ ನೆರಳಿನ ಪಟ್ಟೆ.

ಹಚ್ಚುವ ಮುಂಚೆ ಬರೀ ತೊಳೆದರೆ ಸಾಕಾ?

ತೊಳೆದ ಮೇಲೆ ಒಂದು ತೆಳು ಪ್ಲಾಸ್ಟಿಕ್ ಕವರನ್ನು ಕೈಗೆ ಹಾಕಿಕೊಂಡು ಬಾನೆಟ್ ಸವರಿ ನೋಡಿ. ಮರಳು ಕಾಗದದ ಹಾಗೆ ತರಿತರಿ ಅನ್ನಿಸಿದರೆ ಬಣ್ಣಕ್ಕೆ ಕಬ್ಬಿಣದ ಧೂಳು, ಮರದ ಅಂಟು, ಪೇಂಟಿನ ಹನಿ ಕಚ್ಚಿಕೊಂಡಿದೆ. ಅದನ್ನು ಬಿಟ್ಟು ಪಾಲಿಶ್ ಉಜ್ಜಿದರೆ ಆ ತರಿಯನ್ನೇ ಕಾರಿನ ತುಂಬ ಎಳೆದಾಡಿದ ಹಾಗೆ. ಕ್ಲೇ ಬಾರ್ ಎಂಬ ಜೇಡಿಮಣ್ಣಿನ ಉಂಡೆಯಂಥದ್ದು ಸಿಗುತ್ತದೆ. ಶಾಂಪೂ ನೀರು ಧಾರಾಳವಾಗಿ ಹಾಕಿ, ಒತ್ತಡ ಇಲ್ಲದೆ ನೇರ ಗೆರೆಯಲ್ಲಿ ಸವರಿದರೆ ಎಲ್ಲವನ್ನೂ ಎತ್ತಿಕೊಳ್ಳುತ್ತದೆ. ಆ ಉಂಡೆ ಕೈಜಾರಿ ನೆಲಕ್ಕೆ ಬಿದ್ದರೆ ಮತ್ತೆ ಬಳಸಬೇಡಿ, ಮರಳು ಮೆತ್ತಿರುತ್ತದೆ.

ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಕಾರಿನ ಮೇಲೆ ಕೂರುವ ಕೆಂಪು ಧೂಳಿನಲ್ಲಿ ಅದಿರಿನ ಪುಡಿ ಇರುತ್ತದೆ, ಗಟ್ಟಿಯಾದ ಕಣ. ಮೊದಲು ಪ್ರೆಶರ್ ವಾಶರಿನಿಂದ ಅಥವಾ ಪೈಪಿನಿಂದ ಧೂಳೆಲ್ಲ ಹರಿದು ಹೋಗುವವರೆಗೂ ಬಟ್ಟೆಯನ್ನು ಮುಟ್ಟಿಸಲೇಬೇಡಿ. ಇನ್ನು ಬ್ರೇಕ್ ಪ್ಯಾಡುಗಳಿಂದ, ರೈಲು ಹಳಿಗಳಿಂದ ಹಾರಿ ಬಿಳಿ ಕಾರಿನ ಮೇಲೆ ಕಿತ್ತಳೆ ಚುಕ್ಕೆಯಾಗಿ ಕಾಣುವ ಕಬ್ಬಿಣದ ಚೂರಿಗೆ ಐರನ್ ರಿಮೂವರ್ ಎಂಬ ಸ್ಪ್ರೇ ಇದೆ. ಕಬ್ಬಿಣದೊಂದಿಗೆ ಸೇರಿ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಒಣಗುವ ಮೊದಲೇ ತೊಳೆಯಿರಿ.

ಹಚ್ಚುವ ಸರಿಯಾದ ಕ್ರಮ ಯಾವುದು?

ನೆರಳಲ್ಲಿ, ಬಾನೆಟ್ ಮುಟ್ಟಿದರೆ ತಣ್ಣಗಿರುವಾಗ. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಬಾಟಲಿ ಚೆನ್ನಾಗಿ ಕುಲುಕಿ, ಪ್ಯಾಡಿಗೆ ನಾಲ್ಕೈದು ಹನಿ ಹಾಕಿ, ಎರಡಡಿ ಚೌಕ ಮಾತ್ರ ತೆಗೆದುಕೊಳ್ಳಿ. ಮೊದಲು ಅಡ್ಡ, ಆಮೇಲೆ ಉದ್ದ, ಹೀಗೆ ಮೂರು ನಾಲ್ಕು ಸುತ್ತು. ಕೈಯಲ್ಲಾದರೂ ವೃತ್ತಾಕಾರವಾಗಿ ಬೇಡ, ನೇರ ಗೆರೆಯಲ್ಲೇ ಹೋಗಿ. ಬಟ್ಟೆಯಲ್ಲಿ ಏನಾದರೂ ಸಿಕ್ಕಿಕೊಂಡು ಗೀರಾದರೂ ನೇರ ಗೀರು ಅಷ್ಟು ಕಾಣುವುದಿಲ್ಲ. ಲೇಬಲ್ಲಿನಲ್ಲಿ ಒಣಗಲು ಬಿಡಿ ಎಂದಿದ್ದರೆ ಬಿಡಿ, ಕೂಡಲೇ ಒರೆಸಿ ಎಂದಿದ್ದರೆ ಕೂಡಲೇ ಒರೆಸಿ. ಇದರಲ್ಲಿ ಪ್ರತಿ ಬಾಟಲಿಯೂ ಬೇರೆ. ಒಂದು ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಕೊನೆಯ ಹೊಳಪು ಕೊಡಿ.

ಹೆಚ್ಚು ಹಚ್ಚಿದರೆ ಹೆಚ್ಚು ಹೊಳಪು ಎಂದುಕೊಳ್ಳಬೇಡಿ. ಒರೆಸಲು ಕಷ್ಟವಾಗುತ್ತದೆ, ಬಿಳಿ ಪುಡಿ ಸಂದಿಗಳಲ್ಲಿ ಕೂರುತ್ತದೆ. ಪ್ಯಾಡ್ ಒದ್ದೆಮುದ್ದೆ ಆದಾಗ ಬದಲಾಯಿಸಿ.

ಬೋರ್‌ವೆಲ್ ನೀರಿನ ಬಿಳಿ ಕಲೆ ಇದರಿಂದ ಹೋಗುತ್ತದೆಯೇ?

ಬೆಂಗಳೂರಿನಲ್ಲಿ ನನಗೆ ಅತಿ ಹೆಚ್ಚು ಬರುವ ದೂರು ಇದೇ. ಬೋರ್‌ವೆಲ್ಲಿನ ಗಡಸು ನೀರು ಬಿಸಿಲಲ್ಲಿ ಆರಿದಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಉಂಗುರ ಉಂಗುರವಾಗಿ ಉಳಿಯುತ್ತದೆ. ಹೊಸ ಕಲೆಯನ್ನು ಉಜ್ಜಿ ತೆಗೆಯುವ ಬದಲು ಕರಗಿಸಿ ತೆಗೆಯುವುದು ಜಾಣತನ. ಅಡುಗೆಮನೆಯ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ತಣ್ಣಗಿರುವ ಬಣ್ಣದ ಮೇಲೆ ಒಂದೆರಡು ನಿಮಿಷ ಇಟ್ಟು ಚೆನ್ನಾಗಿ ತೊಳೆಯಿರಿ. ಅದಕ್ಕೂ ಹೋಗದೆ ಉಳಿದ ಮಸುಕಾದ ಉಂಗುರಕ್ಕೆ ಆಲ್-ಇನ್-ಒನ್ ಹಚ್ಚಿ ನೋಡಿ. ಬೆರಳಿಗೆ ಸಣ್ಣ ಗುಳಿ ತಗುಲಿದರೆ ಕಲೆ ಕ್ಲಿಯರ್ ಕೋಟನ್ನು ತಿಂದಿದೆ, ಅದು ಪಳಗಿದ ಡಿಟೇಲರ್ ನೋಡಬೇಕಾದ ಕೆಲಸ.

ತೊಳೆದ ಕಾರನ್ನು ತಾನೇ ಆರಲು ಬಿಡುವ ಅಭ್ಯಾಸ ಬಿಟ್ಟರೆ ಈ ಪ್ರಶ್ನೆಯೇ ಬರುವುದಿಲ್ಲ. ಕೊನೆಯ ಸಲ ಮೇಲೆ ಸುರಿಯುವ ನೀರನ್ನಾದರೂ ಕಾವೇರಿ ನೀರೋ, ಮಳೆನೀರೋ ಮಾಡಿಕೊಳ್ಳಿ, ಕೂಡಲೇ ಒರೆಸಿ. ಹಕ್ಕಿ ಹಿಕ್ಕೆಗೂ ಇದೇ ಮಾತು. ಆಮ್ಲ ಇರುವುದರಿಂದ ಬೇಸಿಗೆಯಲ್ಲಿ ಒಂದೇ ದಿನದಲ್ಲಿ ಗುರುತು ಬೀಳಬಹುದು. ನೀರಲ್ಲಿ ನೆನೆಸಿದ ಬಟ್ಟೆ ಹಾಕಿ ಮೆದುವಾಗಲು ಬಿಟ್ಟು ಎತ್ತಿ, ಕೆರೆಯಬೇಡಿ.

ನಮ್ಮದು ಬಿಳಿ ಕಾರು, ಗೀರೇ ಕಾಣಲ್ಲ. ನಮಗೂ ಬೇಕಾ?

ಕಾಣದಿದ್ದರೂ ಇರುತ್ತದೆ, ಆದರೆ ಅವಸರ ಇಲ್ಲ. ಬಿಳಿಗೆ ಅಬ್ರೇಸಿವ್‌ಗಿಂತ ತೊಳೆಯುವ ಗುಣ ಹೆಚ್ಚಿರುವ ಕ್ಲೀನರ್ ವ್ಯಾಕ್ಸ್ ಒಪ್ಪುತ್ತದೆ. ಪೆಟ್ರೋಲ್ ಮುಚ್ಚಳದ ಕೆಳಗಿನ ಕಂದು ಗೆರೆ, ಚಕ್ರದ ಹಿಂದಿನ ಟಾರಿನ ಚುಕ್ಕೆ, ಹಿಡಿಕೆಯ ಸುತ್ತಲಿನ ಹಳದಿ ಛಾಯೆ ಹೋದರೆ ಬಿಳಿ ಕಾರು ಹೊಸದರಂತೆ ಕಾಣುತ್ತದೆ.

ತಾತನ ಕಾಲದ ಅಂಬಾಸಿಡರ್ ಇದೆ. ಹಚ್ಚಿದರೆ ಬಟ್ಟೆಗೆಲ್ಲ ಬಣ್ಣ ಬರುತ್ತಿದೆ, ಹಾಳಾಗುತ್ತಿದೆಯೇ?

ಗಾಬರಿ ಬೇಡ. ಅಂಬಾಸಿಡರ್, ಪದ್ಮಿನಿ, ಹಳೆಯ ಮಾರುತಿ 800ಗಳಲ್ಲಿ ಎಷ್ಟೋ ಕಾರಿನ ಮೇಲಿರುವುದು ಕ್ಲಿಯರ್ ಕೋಟ್ ಇಲ್ಲದ ಸಿಂಗಲ್ ಸ್ಟೇಜ್ ಪೇಂಟ್. ಮೇಲಿನ ಸತ್ತ, ಸುಣ್ಣದ ಹಾಗೆ ಪುಡಿಯಾದ ಬಣ್ಣ ಬಟ್ಟೆಗೆ ಬರುವುದು ಸಹಜ. ಒಣಗಿದ ಆ ಪೇಂಟಿಗೆ ಎಣ್ಣೆ ಅಂಶ ಹೆಚ್ಚಿರುವ ಮೃದು ಆಲ್-ಇನ್-ಒನ್ ಸಿಕ್ಕಿದರೆ, ಬಾಡಿದ ಗಿಡಕ್ಕೆ ನೀರು ಬಿದ್ದ ಹಾಗೆ ಬಣ್ಣ ತುಂಬಿಕೊಳ್ಳುತ್ತದೆ. ಇಡೀ ಕಾರು ಕೆಲಸದಲ್ಲಿ ನನಗೆ ಇದಕ್ಕಿಂತ ಸಂತೋಷ ಕೊಡುವುದು ಇನ್ನೊಂದಿಲ್ಲ. ಕೈಯಲ್ಲೇ ಮಾಡಿ, ಮೆಷಿನ್ ಬೇಡ. ಬಟ್ಟೆಯಲ್ಲಿ ಪ್ರೈಮರಿನ ಬೂದು ಅಥವಾ ಇಟ್ಟಿಗೆ ಬಣ್ಣ ಕಂಡರೆ ಕೂಡಲೇ ನಿಲ್ಲಿಸಿ.

ಒಂದು ವೇಳೆ ಬಣ್ಣ ಬಂದದ್ದು ಈಗಿನ ಕಾರಿನಿಂದಾದರೆ, ಕ್ಲಿಯರ್ ಕೋಟ್ ದಾಟಿದ್ದೀರಿ ಅಥವಾ ಆ ಭಾಗಕ್ಕೆ ಹಿಂದೆ ಯಾರೋ ಕ್ಲಿಯರ್ ಹೊಡೆಯದೆ ಪೇಂಟ್ ಮಾಡಿದ್ದಾರೆ.

ವರ್ಷಕ್ಕೆ ಎಷ್ಟು ಸಲ?

ಎರಡು ಸಲ, ಅದಕ್ಕಿಂತ ಹೆಚ್ಚು ಬೇಡ. ಮೇ ತಿಂಗಳ ಕೊನೆಗೆ ಮಳೆ ಹಿಡಿಯುವ ಮುಂಚೆ ಒಂದು, ದಸರಾ ಹೊತ್ತಿಗೆ ಒಂದು. ಮೃದುವಾದ ಆಲ್-ಇನ್-ಒನ್ ಒಂದು ಸಲಕ್ಕೆ ಸವೆಸುವುದು ಹೆಚ್ಚೆಂದರೆ ಒಂದೆರಡು ಮೈಕ್ರಾನ್, ಆದರೆ ತಿಂಗಳು ತಿಂಗಳೂ ಉಜ್ಜಿದರೆ ಲೆಕ್ಕ ಬೇರೆಯೇ ಆಗುತ್ತದೆ. ನಡುವೆ ನೀರು ಹನಿಗಟ್ಟಿ ಉರುಳುವುದು ನಿಂತಿತು ಅನ್ನಿಸಿದರೆ ಅಬ್ರೇಸಿವ್ ಇಲ್ಲದ ಸ್ಪ್ರೇ ವ್ಯಾಕ್ಸ್ ಹಾಕಿ ಒರೆಸಿದರೆ ಸಾಕು. ಮಂಗಳೂರು, ಉಡುಪಿ, ಕಾರವಾರದವರು ಉಪ್ಪುಗಾಳಿ ಮತ್ತು ಉದ್ದನೆಯ ಮಳೆಗಾಲದ ಕಾರಣಕ್ಕೆ ಈ ಸ್ಪ್ರೇಯನ್ನು ತಿಂಗಳಿಗೊಮ್ಮೆ ಮಾಡಿದರೂ ತಪ್ಪಿಲ್ಲ, ಬಾಗಿಲಿನ ಒಳ ಅಂಚುಗಳನ್ನೂ ಮರೆಯಬೇಡಿ.

ಸೆರಾಮಿಕ್ ಕೋಟಿಂಗ್, ಪಿಪಿಎಫ್, ಮ್ಯಾಟ್ ಬಣ್ಣ ಇದ್ದರೆ?

ಮೂರಕ್ಕೂ ಬೇಡ. ಸೆರಾಮಿಕ್ ಅಂದರೆ ಬಣ್ಣದ ಮೇಲೆ ಹಚ್ಚಿಸಿಕೊಂಡ ಗಟ್ಟಿ ರಕ್ಷಣೆಯ ಪದರ, ಅದನ್ನು ಅಬ್ರೇಸಿವ್ ಸವೆಸಿಬಿಡುತ್ತದೆ, ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ. ಪಿಪಿಎಫ್, ಅಂದರೆ ಬಣ್ಣ ಕಾಯಲು ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಅಂಚುಗಳಲ್ಲಿ ಬಿಳಿ ಪುಡಿ ಕೂತರೆ ತೆಗೆಯುವುದು ಕಷ್ಟ. ಹೊಳಪಿಲ್ಲದ ಮ್ಯಾಟ್ ಬಣ್ಣದ ಮೇಲೆ ಪಾಲಿಶ್ ಉಜ್ಜಿದ ಜಾಗ ಮಾತ್ರ ಮಿನುಗಿ ತೇಪೆಯಾಗುತ್ತದೆ, ಹಿಂದಿನಂತೆ ಮಾಡಲು ಆಗುವುದಿಲ್ಲ.

ಬಂಪರಿಗೆ ಹೋದ ವಾರ ಪೇಂಟ್ ಮಾಡಿಸಿದೆ, ಹಚ್ಚಬಹುದಾ?

ಕಾಯಿರಿ. ಹೊಸ ಪೇಂಟಿನೊಳಗಿನ ದ್ರಾವಕ ಹೊರಹೋಗಿ ಗಟ್ಟಿಯಾಗಲು 30ರಿಂದ 90 ದಿನ ಬೇಕು, ಸರಿಯಾದ ಅವಧಿಯನ್ನು ಪೇಂಟ್ ಮಾಡಿದವರನ್ನೇ ಕೇಳಿ. ಪೇಂಟ್ ಮಾಡಿಸಲು ಕೊಡುವ ಮುಂಚೆ ಹಚ್ಚಿದ್ದರೂ ಅವರಿಗೆ ಹೇಳಿಬಿಡಿ. ಹಲವು ಬಾಟಲಿಗಳಲ್ಲಿ ಸಿಲಿಕೋನ್ ಇರುತ್ತದೆ, ಸರಿಯಾಗಿ ಒರೆಸದೆ ಪೇಂಟ್ ಹೊಡೆದರೆ ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ.

ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿ ಕಲೆ ಆಗಿಬಿಟ್ಟಿದೆ.

ಶಾಂಪೂ ನೀರು ಮತ್ತು ಹಳೆಯ ಮೆತ್ತನೆ ಟೂತ್‌ಬ್ರಶ್. ಹೋಗದಿದ್ದರೆ ಆಲ್ ಪರ್ಪಸ್ ಕ್ಲೀನರನ್ನು ನೀರು ಬೆರೆಸಿ ಅದೇ ಬ್ರಶ್ಶಿನಲ್ಲಿ. ಒಣಗಿ ವಾರಗಳಾದ ಮೇಲೆ ಕಷ್ಟ, ಕಂಡ ದಿನವೇ ಮಾಡಿ.

ಬೆಳಿಗ್ಗೆ ಕಾರು ಒರೆಸಲು ಹುಡುಗ ಬರುತ್ತಾನೆ. ಪಾಲಿಶ್ ಮಾಡಿದ ಮೇಲೂ ಒರೆಸಬಹುದಲ್ವಾ?

ಅಪಾರ್ಟ್‌ಮೆಂಟುಗಳಲ್ಲಿ ಒಂದು ಬಕೆಟ್ ನೀರು, ಒಂದು ಬಟ್ಟೆಯಲ್ಲಿ ಹತ್ತು ಹನ್ನೆರಡು ಕಾರು ಮುಗಿಸಬೇಕು. ಎಲ್ಲರೂ ಆಫೀಸಿಗೆ ಹೊರಡುವ ಮೊದಲು ಮುಗಿಯಬೇಕು ಅನ್ನುವ ಒತ್ತಡ ಅವನದು, ಅವನನ್ನು ದೂರಿ ಪ್ರಯೋಜನವಿಲ್ಲ. ಆದರೆ ನಿಮ್ಮ ಸ್ವರ್ಲ್ ಗುರುತುಗಳ ಮೂಲ ಅಲ್ಲೇ ಇದೆ. ನಾನು ಮಾಡುವುದು ಹೀಗೆ: ನಮ್ಮ ಕಾರಿಗೆಂದೇ ನಾಲ್ಕು ಮೈಕ್ರೋಫೈಬರ್ ಬಟ್ಟೆ, ಒಂದು ಬೇರೆ ಬಕೆಟ್ ಕೊಟ್ಟಿದ್ದೇನೆ. ದಿನಾ ಗಾಜು ಮಾತ್ರ ಒರೆಸಿದರೆ ಸಾಕು, ಬಣ್ಣದ ಮೇಲೆ ಧೂಳಿದ್ದರೆ ಇರಲಿ, ವಾರಕ್ಕೊಮ್ಮೆ ನೀರು ಹಾಕಿ ತೊಳೆಯೋಣ ಎಂದಿದ್ದೇನೆ. ತಿಂಗಳ ಹಣದಲ್ಲಿ ಒಂದು ರೂಪಾಯಿ ಕಡಿಮೆ ಮಾಡಿಲ್ಲ. ಅವನಿಗೂ ಒಂದು ಕಾರಿನ ಕೆಲಸ ಹಗುರ ಆಯಿತು, ಹಿಂದೆ ಆರು ತಿಂಗಳಿಗೇ ಬೇಕಾಗುತ್ತಿದ್ದ ಪಾಲಿಶ್ ಈಗ ವರ್ಷಕ್ಕೊಂದೇ ಸಾಕಾಗುತ್ತಿದೆ.

ಆಯುಧ ಪೂಜೆಗೆ ಮುಂಚೆ ಹಚ್ಚಲೋ, ಆಮೇಲೋ?

ಮುಂಚೆ, ಕನಿಷ್ಠ ಒಂದು ದಿನ ಮೊದಲು. ಬರಿ ಬಣ್ಣದ ಮೇಲೆ ಹಚ್ಚಿದ ಅರಿಶಿನ, ಕುಂಕುಮ, ಗಂಧ ಕಚ್ಚಿಕೊಳ್ಳುತ್ತದೆ, ವ್ಯಾಕ್ಸಿನ ಪದರ ಇದ್ದರೆ ಸುಲಭವಾಗಿ ಬಿಡುತ್ತದೆ. ಸಾಧ್ಯವಾದರೆ ಗಾಜಿನ ಮೇಲೋ ನಂಬರ್ ಪ್ಲೇಟಿನ ಮೇಲ್ಭಾಗದಲ್ಲೋ ಇಡಿ. ಬಾಳೆಕಂದು, ಹಾರ ಕಟ್ಟುವಾಗ ಸೆಲ್ಲೋಟೇಪ್ ಬೇಡ, ಅದರ ಅಂಟು ಬಿಸಿಲಿಗೆ ಬೆಂದು ಕೂರುತ್ತದೆ, ದಾರದಲ್ಲೇ ಕಟ್ಟಿ. ಹಾರದ ತಂತಿ ಬಾನೆಟ್ಟಿಗೆ ತಾಗುವ ಕಡೆ ಮೆತ್ತನೆ ಬಟ್ಟೆ ಇಡಿ, ಗಾಡಿ ಓಡುವಾಗ ಅದು ಅಲ್ಲಾಡಿ ಅಲ್ಲಾಡಿ ಗೀರುತ್ತದೆ.

ಮಾರನೇ ದಿನ ಒಣಗಿದ ಗಂಧವನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಅದೂ ನುಣುಪು ಪುಡಿಯೇ. ನೀರು ಹಾಕಿ ನೆನೆಸಿ ತೊಳೆಯಿರಿ. ಬಿಳಿ ಕಾರಿನಲ್ಲಿ ಅರಿಶಿನದ ತೆಳು ಹಳದಿ ಉಳಿದರೆ ಪಾಲಿಶ್ ಹಿಡಿದು ಹೋಗಬೇಡಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ನಾಲ್ಕಾರು ದಿನ ಬಯಲಲ್ಲಿ ನಿಲ್ಲಿಸಿದರೆ ತಾನಾಗಿ ಮಾಸುತ್ತದೆ.